ಮಿಷಿನಕ್ಕ ಮತ್ತು ಶಬ್ದದ ಪರೀಕ್ಷೆ

ಅವರ ಹತ್ತು ಬೆರಳ ತುದಿಗಳೂ ಸದಾ ನೀರಲ್ಲಿ ನೆಂದು, ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಉಗುರಿನ ಸಂದಿಯಲ್ಲಿ ಮಾತ್ರ ಹಸಿರು. ಅದು ಅರಪ್ಪು ಪುಡಿಯ ಹಸಿರು. ನಮ್ಮ ಕಡೆ ತಲೆ ತೊಳೆಯೋಕೆ ಸೀಗೆಕಾಯಿಗಿಂತ ಹೆಚ್ಚು ಬಳಸೋ ಸೊಪ್ಪಿನ ಪುಡಿ. ಸೇಲಂನ ಒಂದು ಮನೋರೋಗದ ಆಸ್ಪತ್ರೆಯ ಮಹಡಿ ಮೇಲೆ, ತಲೆಗೆ ವಯರು ಅಂಟಿಸಿ ಮಿದುಳಿನ ಗೆರೆ ತೆಗೆಯೋ ಕೋಣೆಯಲ್ಲಿ ಅವರು ಕೆಲಸಕ್ಕಿದ್ದರು. ಹೆಸರು ಗೊತ್ತಿಲ್ಲದೆ ಏನಲ್ಲ. ಆದರೆ ಎಲ್ಲರೂ ಮಿಷಿನಕ್ಕ ಅಂತಲೇ ಕರೆಯೋರು, ನಾನೂ ಹಾಗೇ ಕರೆದೆ, ಇವತ್ತಿಗೂ ನನ್ನ ಬಾಯಿಗೆ ಬೇರೆ ಹೆಸರು ಬರೋದಿಲ್ಲ.

ತಲೆ ತೊಳೆಯೋದು ಅವರ ಕೆಲಸವಲ್ಲ. ಮಿಷಿನ್ನು ನಡೆಸೋದಷ್ಟೇ ಅವರ ಕೆಲಸ. ಆದರೆ ಹರೂರು, ಕಂಬೈನಲ್ಲೂರು, ಪಾಪಿರೆಡ್ಡಿಪಟ್ಟಿ ಕಡೆಯಿಂದ ಬರೋ ಜನ ನಾವು, ಆಸ್ಪತ್ರೆಗೆ ಹೊರಟರೆ ಮೊದಲು ತಲೆಗೆ ಎಣ್ಣೆ ಹಾಕೋದು. ಎಷ್ಟು ಅಂತೀರಿ, ಕಿವಿಯ ಮೇಲೆ ಇಳಿಯಬೇಕು! ಊರು ಬಿಟ್ಟು ಹೊರಗೆ ಹೋಗುವಾಗ ಕೆದರಿದ ತಲೇಲಿ ಹೋದರೆ ಅವಮಾನ ಅಂತ. ಎಣ್ಣೆ ತಲೆಗೆ ವಯರಿನ ಅಂಟು ನಿಲ್ಲೋದಿಲ್ಲ. ವಾಪಸ್ ಕಳಿಸಿದರೆ ಆ ಜನ ಇನ್ನೊಂದು ಸಲ ಬರೋದಿಲ್ಲ ಅಂತ ಅವರಿಗೆ ಗೊತ್ತಿತ್ತು. ಅದಕ್ಕೆ ಕೋಣೆಯ ಪಕ್ಕದ ಬಚ್ಚಲಲ್ಲಿ ಒಂದು ಬಕೆಟ್ಟು, ಒಂದು ಮಗ್ಗು, ಅರಪ್ಪಿನ ಡಬ್ಬಿ ಇಟ್ಟುಕೊಂಡು, ಬಂದ ತಲೆಯನ್ನೆಲ್ಲ ತಾವೇ ಬಗ್ಗಿಸಿ ತೊಳೆಯೋರು. ತೊಳೆಯುವಷ್ಟು ಹೊತ್ತೂ ಬಯ್ಯೋರು. ‘ಏನ್ ಕಣ್ಣು, ನಿಮ್ಮವ್ವ ತಲೆಗೆ ಎಣ್ಣೆ ಹಾಕವ್ರಾ, ಇಲ್ಲ ದೋಸೆ ಕಾವಲಿಗಾ?’ ಅನ್ನೋರು. ಕಣ್ಣು ಅನ್ನೋದು ಆ ಕಡೆ ತಮಿಳಲ್ಲಿ ಮುದ್ದಿಗೆ ಕರೆಯೋ ಮಾತು. ಬೈಗುಳದಲ್ಲಿ ಜೋರಿರಲಿಲ್ಲ. ದಿನಕ್ಕೆ ನಾಲ್ಕು ತಲೆ ತೊಳೆದವರ ಸುಸ್ತು ಇರುತ್ತಿತ್ತು, ಅಷ್ಟೆ.

ನಮ್ಮ ಮನೆಯಲ್ಲಿ ತಲೆ ಕೆಟ್ಟದ್ದು ನನ್ನ ತಂಗಿಗೆ. ಕೆಟ್ಟದ್ದು ಅಂತ ಬರೆಯೋಕೆ ಈಗ ನಾಲಿಗೆ ಕಚ್ಚಿಕೊಳ್ಳುತ್ತೇನೆ, ಆಗ ಹಾಗೇ ಅನ್ನುತ್ತಿದ್ದೆವು. ಹದಿಮೂರು ವರ್ಷ ಅವಳಿಗೆ, ಎಂಟನೇ ಕ್ಲಾಸು. ಪಾಪಿರೆಡ್ಡಿಪಟ್ಟಿಯಿಂದ ಎರಡು ಮೈಲಿ ಒಳಗೆ ನಮ್ಮೂರು, ಮರಗೆಣಸಿನ ಹೊಲ. ಹೊಲದ ಬದುವಿನ ಮೇಲೆ ಕೂತು ಯಾರ ಜೊತೆಗೋ ಮಾತಾಡೋಳು, ನಗೋಳು. ಯಾರೇ ಅದು ಅಂದರೆ, ‘ನಿಂಗೆ ಕೇಳಿಸ್ತಿಲ್ವಾ?’ ಅಂತ ನಮ್ಮನ್ನೇ ಹುಚ್ಚರ ಹಾಗೆ ನೋಡೋಳು. ಮಂತ್ರಿಸಿದ್ದು, ತಾಯತ ಕಟ್ಟಿಸಿದ್ದು ಎಲ್ಲ ಆದ ಮೇಲೆ ಸೇಲಂ ಸೇರಿದೆವು. ಮಾತ್ರೆ ಕೊಟ್ಟರು. ಕೈ ನಡುಗಿತು, ಬಾಯಲ್ಲಿ ಜೊಲ್ಲು ಸೋರಿತು, ಆದರೆ ಆ ದನಿಗಳು ಕಮ್ಮಿಯಾದವು. ನಡುವೆ ಒಮ್ಮೆ, ಚೆನ್ನಾಗಿದಾಳಲ್ಲ ಅಂತ ಅವ್ವ ಮಾತ್ರೆ ನಿಲ್ಲಿಸಿದಳು. ಇಪ್ಪತ್ತನೇ ದಿನ ತಂಗಿ ಬಾವಿಯ ಗೋಡೆ ಮೇಲೆ ಹತ್ತಿ ನಿಂತಿದ್ದಳು. ಹಿಂದಿನಿಂದ ಹೋಗಿ ಲಂಗ ಹಿಡಿದೆಳೆದವಳು ನಾನೇ. ಇಳಿಸಿ ಕೇಳಿದ್ದಕ್ಕೆ, ‘ದುಮುಕು ಅಂದ್ರು’ ಅಂದಳು.

ಇಷ್ಟು ಕಂಡವಳು, ಆಮೇಲೆ ನಾನು ಮಾಡಿದ ಕೆಲಸ ಕೇಳಿ.

ತಂಗಿಗೆ ಹದಿನೈದು ತುಂಬಿದಾಗ ಅಪ್ಪ ಅವ್ವ ಸೇರಿ ಸೋದರಮಾವನಿಗೆ ಅವಳನ್ನು ಕೊಡೋ ಮಾತೆತ್ತಿದರು. ಅವ್ವನ ಕೊನೇ ತಮ್ಮ ಅವನು. ಹೊರಗಿನವರಿಗೆ ಕೊಟ್ಟರೆ ಯಾರು ತಗೋತಾರೆ, ಮಾವನಾದರೆ ಹೊಂದಿಕೊಂಡು ಹೋಗ್ತಾನೆ ಅನ್ನೋ ಲೆಕ್ಕ. ಮಾವನೂ ಒಪ್ಪಿದ. ಆದರೆ ಅವನದು ಒಂದೇ ಹಟ: ‘ಮಾತ್ರೆ ತಿನ್ನೋ ಉಡುಗಿ ಬ್ಯಾಡ. ಸೇಲಂ ಡಾಕ್ಟ್ರತ್ರ ತಲೆ ಸರಿಯಾಗೈತೆ ಅಂತ ಒಂದು ಕಾಗ್ದ ಇಸ್ಕಂಡ್ ಬನ್ನಿ, ಮಾತ್ರೆ ನಿಲ್ಸಿ, ಸಂಕ್ರಾಂತಿ ಕಳೀತಿದ್ದಂಗೆ ತೈ ಮಾಸದಲ್ಲಿ ತಾಳಿ ಕಟ್ತೀನಿ.’ ಅವಳು ಒಂದು ಕಡೆ ಸೇರಿದರೆ ನನ್ನ ದಾರಿಯೂ ಬಿಡುಗಡೆ. ನನಗೆ ಆಗ ಇಪ್ಪತ್ತೊಂದು. ನೋಡೋಕೆ ಬಂದ ಮೂರು ಮನೆಯವರೂ ತಂಗಿಯ ವಿಷಯ ಕಿವಿಗೆ ಬಿದ್ದ ಕೂಡಲೇ ಕಾಫಿ ಲೋಟ ಕೆಳಗಿಟ್ಟು ಎದ್ದಿದ್ದರು. ನನಗೂ ಮದುವೆ ಬೇಕಿತ್ತು. ಮುಚ್ಚಿಟ್ಟು ಏನಾಗಬೇಕು ಈಗ.

ಅದೇ ಸಮಯಕ್ಕೆ ಆಸ್ಪತ್ರೆಯಲ್ಲಿ ತಂಗಿಗೆ ಒಂದು ಟೆಸ್ಟ್ ಬರೆದರು. ಸಣ್ಣ ವಯಸ್ಸಲ್ಲೇ ಈ ಕಾಯಿಲೆ ಬಂದವರನ್ನೆಲ್ಲ ಸೇರಿಸಿ ದೊಡ್ಡ ಡಾಕ್ಟರು ಏನೋ ಆರಾಯ್ಚಿ, ಅಂದರೆ ಸಂಶೋಧನೆ, ಮಾಡುತ್ತಿದ್ದರು. ಕಿವಿಗೆ ಶಬ್ದ ಹಾಕ್ತಾರೆ, ನಡುವೆ ಶಬ್ದ ಬದಲಾಗ್ತದೆ, ಆ ಬದಲಾವಣೆ ತಲೆಗೆ ಗೊತ್ತಾಗ್ತದಾ ಅಂತ ನೋಡ್ತಾರೆ ಅಂತ ಕೆಳಗಿನ ಕೌಂಟರಿನವನು ಒಂದೇ ಉಸಿರಲ್ಲಿ ಹೇಳಿ, ಮುಂದಿನ ತಿಂಗಳ ತಾರೀಖು ಬರೆದುಕೊಟ್ಟ.

ನಮ್ಮ ಮನೆಗೆ ಟೆಸ್ಟ್ ಅಂದರೆ ಒಂದೇ ಅರ್ಥ, ಪಾಸು ಇಲ್ಲ ಫೇಲು. ನಾನೇ ಹತ್ತನೇ ಕ್ಲಾಸಿನ ಲೆಕ್ಕ ಎರಡನೇ ಸಲಕ್ಕೆ ಪಾಸಾದವಳು. ಓದದೆ ಹೋದರೆ ಏನಾಗ್ತದೆ ಅಂತ ಚೆನ್ನಾಗಿ ಗೊತ್ತಿತ್ತು. ತಂಗಿಗೆ ಪಾಠ ಶುರು ಮಾಡಿದೆ. ಹಿತ್ತಾಳೆ ಚೊಂಬು ಒಂದು, ಸಿಲ್ವರ್ ಲೋಟ ಒಂದು, ಚಮಚ ಒಂದು. ಅವಳನ್ನು ಗೋಡೆ ಕಡೆ ಮುಖ ಮಾಡಿ ಕೂರಿಸಿ, ಹಿಂದೆ ಕೂತು ಲೋಟ ಬಡೀತಾ ಹೋಗೋದು. ನಡುವೆ ಯಾವಾಗಲೋ ಒಂದು ಸಲ ಚೊಂಬು. ಚೊಂಬು ಬಡಿದಾಗ ಬೆರಳೆತ್ತಬೇಕು. ಮೊದಲ ವಾರ ಅವಳಿಗೆ ಮನಸ್ಸೇ ನಿಲ್ಲಲಿಲ್ಲ, ನಿದ್ದೆಗೆ ಜಾರೋಳು. ನಾನು ಬೆನ್ನಿಗೆ ಒಂದು ಕೊಡೋಳು. ಒಂದು ತಿಂಗಳು ಕಳೆಯೋದರೊಳಗೆ ಹತ್ತಕ್ಕೆ ಎಂಟು ಸಲ ಸರಿಯಾಗಿ ಎತ್ತೋಕೆ ಕಲಿತಳು. ಆಮೇಲೆ ನಿಲ್ಲಿಸೋದೇ ಗೊತ್ತಾಗಲಿಲ್ಲ ಅವಳಿಗೆ. ಪಂಪ್‌ಸೆಟ್ ನಿಂತರೆ ಬೆರಳು, ಬಸ್ಸು ಹಾರನ್ ಹಾಕಿದರೆ ಬೆರಳು. ಊಟದ ಮುಂದೆ ಕೂತು ಬೆರಳೆತ್ತೋ ಆ ಮಗುವನ್ನು ನೋಡಿ ಅವ್ವ ಸಂತೋಷಪಟ್ಟಳು, ಅಯ್ಯೋ ಕರ್ಮವೇ.

ಟೆಸ್ಟಿನ ದಿನ ಅಪ್ಪ, ಮಾವ, ನಾನು, ತಂಗಿ ನಾಲ್ಕೂ ಜನ ಬಸ್ಸು ಹತ್ತಿದೆವು. ಮಿಷಿನಕ್ಕನನ್ನು ನಾನು ನೋಡಿದ್ದು ಅವತ್ತೇ ಮೊದಲು. ನಲವತ್ತರ ಆಸುಪಾಸಿನ ಹೆಂಗಸು, ದಪ್ಪ ಕನ್ನಡಕ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದು. ತಮಿಳಲ್ಲೇ ಬಯ್ಯುತ್ತಾ ತಂಗಿಯ ತಲೆ ತೊಳೆದರು. ನೀರು ಕಣ್ಣಿಗೆ ಹೋಗಿ ತಂಗಿ, ‘ಅಕ್ಕಾ, ಉರೀತೈತೆ’ ಅಂತ ಕಿರುಚಿದಾಗ ಅವರ ಕೈ ನಿಂತಿತು. ‘ಅಯ್ಯ, ನಮ್ಮ ಮಾತೋರಾ ನೀವು?’ ಅಂದರು. ನಮ್ಮದು ಹೊರಗೆ ತಮಿಳು, ಮನೆಯೊಳಗೆ ಕನ್ನಡ. ಅವರದೂ ಸೇಲಂ ಪೇಟೆಯ ಕನ್ನಡದ ಮನೆ. ಅಲ್ಲಿಂದ ಮುಂದೆ ನಮ್ಮ ಜೊತೆ ಕನ್ನಡದಲ್ಲೇ ಬೈದರು.

ಆ ಕೋಣೆಯಲ್ಲಿ ಟೆಸ್ಟ್ ನಡೆಯುವಾಗ ಫ್ಯಾನು ಹಾಕುವಂತಿಲ್ಲ, ಗೆರೆ ಕೆಡುತ್ತದೆ. ಕಿಟಕಿ ತೆಗೆಯುವಂತಿಲ್ಲ, ಬೀದಿಯ ಸದ್ದು ಬರುತ್ತದೆ. ಬೆವರಿಗೆ ಅಂಟು ಜಾರುತ್ತದೆ, ಅಂಟು ಜಾರಿದರೆ ವಯರು ಬೀಳುತ್ತದೆ, ಆಗ ಅವರು ‘ಸರಿ, ಮೊದ್ಲಿಂದ’ ಅನ್ನುತ್ತಿದ್ದರು. ಕರೆಂಟು ಹೋದರೂ ಸರಿ, ಮೊದ್ಲಿಂದ. ರೋಗಿ ಎದ್ದು ಓಡಿದರೂ ಸರಿ, ಮೊದ್ಲಿಂದ. ಎಷ್ಟು ಸಾವಿರ ಸಲ ಹೇಳಿದ್ದರೋ ಆ ಮಾತನ್ನ, ಹೇಳುವಾಗ ಮುಖದಲ್ಲಿ ಬೇಸರ ಕೂಡ ಉಳಿದಿರಲಿಲ್ಲ.

ತಂಗಿಯನ್ನು ಕುರ್ಚಿಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ತೊಡೆ ಮೇಲೆ ಪ್ರಾಣಿಗಳ ಚಿತ್ರದ ಪುಸ್ತಕ ಇಟ್ಟರು. ‘ಶಬ್ದ ಕೇಳ್ಬೇಡ ಕಣ್ಣು. ಅದರ ಪಾಡಿಗೆ ಅದು ಬರ್ತದೆ. ನೀ ಬೊಂಬೆ ನೋಡ್ತಾ ಸುಮ್ನೆ ಕೂತಿರು’ ಅಂದರು. ನಾನು ಬಾಗಿಲಲ್ಲಿ ನಿಂತಿದ್ದವಳು, ಇದೇನು ಹೀಗಂತಾರೆ ಅಂದುಕೊಂಡೆ. ಅಪ್ಪ, ಮಾವ ಹೊರಗೆ ಗಾಜಿನ ಕಿಂಡಿಗೆ ಮುಖ ಒತ್ತಿ ನಿಂತಿದ್ದರು. ಮಿಷಿನ್ನು ಶುರುವಾಯಿತು. ತಂಗಿ ಪುಸ್ತಕದ ಕಡೆ ಕಣ್ಣೇ ಹಾಕಲಿಲ್ಲ. ನಡು ಬೆನ್ನು ನೆಟ್ಟಗೆ ಮಾಡಿ ಕೂತು ಬೆರಳೆತ್ತಿದಳು. ಇಳಿಸಿದಳು. ಮತ್ತೆ ಎತ್ತಿದಳು. ಮಿಷಿನಕ್ಕ ಐದಾರು ಸಲ ನೋಡಿ, ಸ್ವಿಚ್ಚು ಆರಿಸಿದರು.

‘ಇದ ಯಾರು ಕಲಿಸಿದ್ದು ನಿಂಗೆ?’

‘ಅಕ್ಕ’ ಅಂದಳು ತಂಗಿ. ಹೆಮ್ಮೆ ಅವಳ ದನಿಯಲ್ಲಿ. ‘ಚೊಂಬಲ್ಲಿ.’

ಮಿಷಿನಕ್ಕ ಸ್ಟೂಲಿನ ಮೇಲೆ ಕೂತರು. ಈಗ ಬೈಗುಳ ಬೀಳ್ತದೆ ಅಂತ ನಾನು ಗೋಡೆಗೆ ಅಂಟಿಕೊಂಡೆ. ಅವರು ಬಯ್ಯಲಿಲ್ಲ. ನನ್ನನ್ನು ಒಳಗೆ ಕರೆದು ಹೇಳಿದರು: ‘ಮನೇಲಿ ಗ್ರೈಂಡರಿಗೆ ಅಕ್ಕಿ ಹಾಕಿರ್ತೀಯ. ಅದು ಓಡ್ತಾ ಇರ್ತದೆ, ನೀನು ಬೇರೆ ಕೆಲಸ ಮಾಡ್ತಾ ಇರ್ತೀಯ. ಹಿಟ್ಟು ನುಣ್ಣಗಾದಾಗ ಸದ್ದು ಬದಲಾಗ್ತದೆ, ಕೂತ ಕಡೆಯಿಂದ ನೀ ತಲೆ ಎತ್ತುತೀಯ. ಎತ್ತು ಅಂತ ಯಾರೂ ಹೇಳಿಲ್ಲ, ನೀನೂ ಕಾಯ್ತಾ ಕೂತಿಲ್ಲ. ತಾನಾಗೇ ಎತ್ತೋದು ಐತಲ್ಲ, ಅದನ್ನ ಹಿಡಿಯೋ ಮಿಷಿನ್ ಇದು. ಈ ಕಾಯಿಲೆ ಬೇಗ ಬಂದ ಮಕ್ಕಳಿಗೆ ಆ ತಲೆ ಎತ್ತೋದು ಕಮ್ಮಿ ಇರ್ತದಾ ಅಂತ ಡಾಕ್ಟ್ರು ನೋಡ್ತಾ ಇದಾರೆ. ಸುಮಾರು ಮಕ್ಕಳ ಗೆರೆ ಸೇರಿಸಿ ನೋಡ್ತಾರೆ. ಒಬ್ಬಳ ಗೆರೆ ನೋಡಿ ಸರಿಯಾಗಿದಾಳೆ, ಕೆಟ್ಟಿದಾಳೆ ಅಂತ ಇದರಲ್ಲಿ ಹೇಳೋಕಾಗಲ್ಲ. ನೀನು ಪರೀಕ್ಷೆಗೆ ಓದಿಸಿದೀಯ. ಇದು ಓದೋ ಪರೀಕ್ಷೆ ಅಲ್ಲ ಕಣ್ಣು.’

ಯಾಕೆ ಓದಿಸಿದೆ ಅಂತ ಅವರು ಕೇಳಿದರು. ಮಾವನ ಕಾಗದದ ಮಾತು, ತೈ ಮಾಸದ ಮಾತು, ಬಾವಿಯ ಮಾತು, ನನ್ನ ಮದುವೆಯ ಮಾತು, ಎಲ್ಲ ಕಕ್ಕಿಬಿಟ್ಟೆ. ಅವರು ಕನ್ನಡಕ ತೆಗೆದು ಸೆರಗಲ್ಲಿ ಒರೆಸುತ್ತಾ ಕೇಳಿಸಿಕೊಂಡರು.

ಬಾಗಿಲು ತೆಗೆದರೆ ಅಪ್ಪನ ಮುಖ ಅರಳಿಹೋಗಿತ್ತು. ‘ನಾನೇ ಕಣ್ಣಾರೆ ಕಂಡೆ ಕಣಮ್ಮ, ಒಂದೂ ತಪ್ಪಿಲ್ದಂಗೆ ಬೆರಳೆತ್ತಿದ್ಲು. ಪಾಸಾದ್ಲು ಅಂತ ಒಂದು ಕಾಗ್ದದಲ್ಲಿ ಬರ್ದುಕೊಡಿ’ ಅಂದ.

‘ಇದರಲ್ಲಿ ಪಾಸು ಫೇಲು ಇಲ್ಲ ಅಣ್ಣ’ ಅಂದರು ಮಿಷಿನಕ್ಕ. ‘ಕಾಗದ ಬರೆಯೋ ಅಧಿಕಾರ ನಂಗಿಲ್ಲ. ಡಾಕ್ಟ್ರೂ ಬರೆಯಲ್ಲ. ಮಾತ್ರೆ ನಿಲ್ಲಿಸಬೇಡಿ. ಅವಳಿಗೆ ಹದಿನೈದು. ಮದುವೆ ಮಾತು ಈಗ್ಯಾಕೆ?’

‘ನಿಮ್ಗೆ ಯಾಕಮ್ಮ ಅದು? ಕಾಗ್ದ ಇಲ್ದಿದ್ರೆ ಕತ್ತೆ ಬಾಲ’ ಅಂದ ಮಾವ. ‘ನಾನೂ ಕಂಡಿವ್ನಿ. ತಲೆ ಸರಿಯಿಲ್ದೋಳು ಅಷ್ಟು ಸರಿಯಾಗಿ ಬೆರಳು ಎತ್ತಾಳಾ? ನಂಗೆ ಒಪ್ಗೆ ಆಯ್ತು. ಬಾವ, ನಡೀರಿ. ನಾಳೆಯಿಂದ ಮಾತ್ರೆ ಬ್ಯಾಡ.’

ಅಪ್ಪ ಆಗಲೇ ತಂಗಿಯ ಕೈ ಹಿಡಿದಿದ್ದ. ಆಗ ಮಿಷಿನಕ್ಕ ನನ್ನ ಕಡೆ ನೋಡಿದರು. ಬಾಯಿ ತೆಗೆಯಲಿಲ್ಲ, ಸನ್ನೆ ಮಾಡಲಿಲ್ಲ. ನೋಡಿದರು, ನೋಡುತ್ತಲೇ ನಿಂತರು. ಸುಮ್ಮನಿದ್ದರೆ ತಂಗಿಯ ಮದುವೆ, ಅದರ ಹಿಂದೆ ನನ್ನದು. ಆ ಹೆಂಗಸು ಒಂದು ಸಲ ಕಣ್ಣು ಆಚೆ ತಿರುಗಿಸಿದ್ದರೆ ಸಾಕಿತ್ತು, ನಾನು ಸುಮ್ಮನೇ ಮೆಟ್ಟಿಲಿಳಿದುಬಿಡುತ್ತಿದ್ದೆ. ಅವರು ತಿರುಗಿಸಲಿಲ್ಲ.

‘ನಾನು ಕಲಿಸಿದ್ದು ಅಪ್ಪಾ’ ಅಂದೆ. ‘ಒಂದು ತಿಂಗ್ಳಿಂದ ಚೊಂಬು ಬಡ್ದು ಕಲಿಸಿವ್ನಿ. ಅವ್ಳಿಗೆ ವಾಸಿಯಾಗಿಲ್ಲ. ಮಾತ್ರೆ ನಿಲ್ಸಿದ್ರೆ ಇನ್ನೊಂದು ಸಲ ಬಾವಿಗೆ ಓಗ್ತಾಳೆ.’

ಮಾವನಿಗೆ ಬಾವಿಯ ಸಂಗತಿ ನಮ್ಮ ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಅವನು ಅಪ್ಪನ ಮುಖ ನೋಡಿದ, ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದ. ಅಪ್ಪ ನನ್ನ ಕೆನ್ನೆಗೆ ಬಾರಿಸಿದ. ಬೆಂಚಿನ ಮೇಲೆ ಕೂತ ಜನವೆಲ್ಲ ನೋಡಿದರು. ಮಿಷಿನಕ್ಕ ನಡುವೆ ಬಂದು ನಿಂತು, ‘ಅಣ್ಣ, ಇಲ್ಲಿ ಬೇಡ’ ಅಂದರು, ಅಷ್ಟೆ. ಆಮೇಲೆ ತಂಗಿಯ ಕೂದಲಿನ ಅಂಟು ಒದ್ದೆ ಬಟ್ಟೆಯಲ್ಲಿ ಒರೆಸುತ್ತಾ ಹದಿನೈದು ದಿನ ಬಿಟ್ಟು ಬರೋಕೆ ಹೇಳಿದರು. ಊರು ಸೇರಿದ ಮೇಲೆ ಎಷ್ಟೋ ದಿನ ಅಪ್ಪ ನನ್ನ ಜೊತೆ ಮಾತು ಬಿಟ್ಟಿದ್ದ. ಮಾವ ತೈ ಮಾಸದಲ್ಲೇ ಮದುವೆಯಾದ, ಬೇರೆ ಹುಡುಗಿಯನ್ನ.

ಹದಿನೈದು ದಿನ ಬಿಟ್ಟು ನಾವಿಬ್ಬರೇ ಹೋದೆವು. ತಂಗಿ ಕುರ್ಚಿ ಕಂಡ ಕೂಡಲೇ ಬೆರಳು ಸಿದ್ಧ ಮಾಡಿಕೊಂಡಳು. ‘ಇವಳು ನಿನ್ನ ನೋಡಿ ಕಲಿಯೋಳು’ ಅಂದರು ಮಿಷಿನಕ್ಕ. ‘ಮೊದಲು ನೀ ಕೂರು. ಸುಮ್ನೆ ಕೂರೋದನ್ನೂ ನಿನ್ನ ನೋಡೇ ಕಲೀಲಿ. ಡಾಕ್ಟ್ರಿಗೂ ಕಾಯಿಲೆ ಇಲ್ಲದ ಅಕ್ಕತಂಗೀರ ಗೆರೆ ಬೇಕಂತೆ, ನಾ ಕೇಳಿದೀನಿ.’ ಸರಿ ಅಂದೆ. ನನ್ನನ್ನು ಬಚ್ಚಲಿಗೆ ಕರಕೊಂಡು ಹೋಗಿ ತಲೆ ಬಗ್ಗಿಸಿದರು. ನನ್ನ ತಲೆಯಲ್ಲಿ ಎಣ್ಣೆ ಇರಲಿಲ್ಲ. ಹಾಕೋರು ಯಾರು? ತಂಗಿಗೆ ಕಾಯಿಲೆ ಬಂದ ಮೇಲೆ ಅವ್ವನ ಎರಡು ಕೈಯೂ ಅವಳಿಗೇ ಆಗಿದ್ದವು. ಅರಪ್ಪು ಹಚ್ಚಿ, ಆ ಸುಕ್ಕುಬೆರಳಲ್ಲಿ ನೆತ್ತಿ ಉಜ್ಜಿದರು. ನನಗೆ ಅಳು ಬಂತು. ತಡೆಯೋಕೆ ಆಗಲಿಲ್ಲ, ಬಿಕ್ಕಿಬಿಕ್ಕಿ ಅತ್ತೆ. ಅವರು ನೀರು ಹೊಯ್ದರು, ಇನ್ನೊಂದು ಸಲ ಅರಪ್ಪು ಹಚ್ಚಿದರು, ಎರಡನೇ ಸಲ ಹಚ್ಚೋ ಅಗತ್ಯವೇ ಇರಲಿಲ್ಲ.

ಕುರ್ಚಿಯಲ್ಲಿ ಕೂತಾಗ ಗೊತ್ತಾಯಿತು ಅದೆಷ್ಟು ಬೇಜಾರಿನ ಕೆಲಸ ಅಂತ. ಟಿಕ್ ಟಿಕ್ ಟಿಕ್ ಅಂತ ಒಂದೇ ಸಮ. ನಾನು ಆನೆ, ಒಂಟೆ, ಮೊಸಳೆ ನೋಡುತ್ತಾ ಕೂತೆ. ಎದುರಿಗೆ ತಂಗಿ ನನ್ನ ಕೈಯನ್ನೇ ನೋಡುತ್ತಿದ್ದಳು. ನಾನು ಬೆರಳೆತ್ತಲಿಲ್ಲ. ಅವಳ ಸರದಿ ಬಂದಾಗ ಅವಳೂ ಎತ್ತಲಿಲ್ಲ.

ಮುಂದೆ ಒಂದು ದಿನ ಎಲ್ಲ ಕೂಡಿಸಿ ತೆಗೆದ ನಮ್ಮಿಬ್ಬರ ಗೆರೆಯನ್ನು ತೋರಿಸಿದರು. ಬದಲಾದ ಶಬ್ದ ಬಂದ ಕಡೆ ನನ್ನ ಗೆರೆ ಒಂದು ಹಳ್ಳ ಇಳಿದು ಏರಿತ್ತು. ತಂಗಿಯದೂ ಇಳಿದಿತ್ತು, ಆದರೆ ಹಳ್ಳ ಸಣ್ಣದು. ‘ಇದ ನೋಡಿ ಏನೂ ತೀರ್ಮಾನ ಮಾಡ್ಬೇಡ’ ಅಂದರು. ‘ಕಾಯಿಲೆ ಇಲ್ದೋರಲ್ಲೂ ಒಂದೊಂದು ಗೆರೆ ಸಣ್ಣದಾಗಿ ಬರ್ತದೆ. ಅವಳಿಗೆ ಸದ್ದು ಕೇಳ್ತದೆ, ನಿನ್ನ ಮಾತೂ ಕೇಳ್ತದೆ. ತಿರುಗಿ ನೋಡೋಕೆ ಒಂಚೂರು ತಡ ಆಗ್ಬೋದು. ಎರಡು ಸಲ ಕರಿ. ಬೆನ್ನಿಗೆ ಬಡೀಬೇಡ.’ ಬೆನ್ನಿಗೆ ಬಡಿದ ವಿಷಯ ನಾನು ಹೇಳಿರಲಿಲ್ಲ. ತಂಗಿಯೇ ಹೇಳಿರಬೇಕು. ಅವತ್ತಿಂದ ಎರಡು ಸಲ ಕರೀತೀನಿ, ಬೇಕಾದರೆ ಮೂರು ಸಲ.

ಆಮೇಲಿನ ವರ್ಷಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ತಿಂಗಳಿಗೊಮ್ಮೆ ಬಸ್ಸು, ಚೀಟಿ, ಬೆಂಚು, ಮಾತ್ರೆ, ಮತ್ತೆ ಬಸ್ಸು. ತಂಗಿ ಒಂದು ವರ್ಷ ಚೆನ್ನಾಗಿರೋಳು, ಇನ್ನೊಂದು ವರ್ಷ ಕುಸಿಯೋಳು. ಹೋದಾಗಲೆಲ್ಲ ಮಹಡಿ ಹತ್ತಿ ಮಿಷಿನಕ್ಕನನ್ನು ನೋಡಿ ಬರುತ್ತಿದ್ದೆ. ಮೊಸರನ್ನವನ್ನು ನಿಂತುಕೊಂಡೇ ತಿನ್ನುತ್ತಿರೋರು. ‘ಬಂದ್ಯಾ? ನನ್ ಮಂಡಿ ಓಗೇ ಬಿಡ್ತು ಕಣ್ಣು’ ಅನ್ನೋರು. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಇಲ್ಲಿ ಈ ತಲೆಗಳು. ಸಾಕಾಗಿದೆ ಅಂತ ಎಷ್ಟೋ ಸಲ ಹೇಳಿದರು, ರಜೆ ಹಾಕಿದ್ದು ನಾನು ಕಾಣೆ. ಅವರಿಗೆ ನಾನು ಪ್ರೀತಿಯವಳಾ, ದಿನಾ ಬರೋ ನೂರು ಜನದಲ್ಲಿ ಒಬ್ಬಳಾ, ನನಗೆ ಕೊನೆಗೂ ತಿಳಿಯಲಿಲ್ಲ.

ನನಗೆ ಮದುವೆಯಾಗುವ ಹೊತ್ತಿಗೆ ಇಪ್ಪತ್ತೊಂಬತ್ತು ತುಂಬಿತ್ತು. ಹೆಂಡತಿ ಸತ್ತ ಒಬ್ಬರು, ಕೊಳ್ಳೇಗಾಲದ ಕಡೆಯವರು. ತಂಗಿ ನನ್ನ ಜೊತೆಗೇ ಬರ್ತಾಳೆ ಅಂತ ಮೊದಲೇ ಹೇಳಿ ಆದ ಮದುವೆ. ನಾನು ಕನ್ನಡ ಅಕ್ಷರ ಕಲಿತದ್ದೂ ಅಲ್ಲಿಗೆ ಹೋದ ಮೇಲೆಯೇ. ಹೊರಡುವ ಮುಂಚೆ ಹೇಳಿಬರೋಣ ಅಂತ ಮಿಷಿನಕ್ಕನ ಹತ್ತಿರ ಹೋದೆ. ಕುಂಕುಮ ಇಟ್ಟರು. ಇಟ್ಟ ಮೇಲೆ ಅವರಾಗೇ ಮಾತು ತೆಗೆದರು.

‘ಅವತ್ತು ನಾನೇ ಹೇಳ್ಬೋದಿತ್ತು. ನಾ ಹೇಳಿದ್ರೆ ನಿಮ್ಮಪ್ಪ ನಂಬ್ತಿರ್ಲಿಲ್ಲ. ನೀ ಹೇಳಿದ್ರೆ ನಿನ್ ಮದುವೆ ನಿಂತುಹೋಗ್ತದೆ ಅಂತ ಗೊತ್ತಿತ್ತು ನಂಗೆ. ಗೊತ್ತಿದ್ದೇ ನಿನ್ನ ನೋಡ್ದೆ. ಎಂಟು ವರ್ಷ ನೀ ಮೆಟ್ಲು ಹತ್ತಿ ಬಂದಾಗೆಲ್ಲ ಅದೇ ನೆನಪಾಗೋದು. ಕೋಪ ಐತಾ ನನ್ ಮೇಲೆ?’

ಇಲ್ಲ ಅನ್ನಬಹುದಿತ್ತು. ಯಾರಾದರೂ ಹಾಗೇ ಅನ್ನುತ್ತಾರೆ. ಆದರೆ ಆ ಎಂಟು ವರ್ಷದಲ್ಲಿ ಓರಗೆಯವರ ಮಕ್ಕಳನ್ನೆಲ್ಲ ಎತ್ತಿ ಆಡಿಸಿದ್ದೆ ನಾನು. ಆ ಹೆಂಗಸಿಗೆ ಸುಳ್ಳು ಹೇಳೋಕೆ ಆಗಲಿಲ್ಲ.

‘ಐತೆ ಅಕ್ಕ’ ಅಂದೆ.

ಅವರು ತಲೆಯಾಡಿಸಿದರು. ‘ಇರ್ಲಿ. ಇರ್ಬೇಕಾದ್ದೇ’ ಅಂದರು. ಅಷ್ಟರಲ್ಲಿ ಯಾರೋ ಎಣ್ಣೆ ತಲೆಯ ಒಬ್ಬ ಮುದುಕನನ್ನು ಕರಕೊಂಡು ಬಂದರು, ಮಿಷಿನಕ್ಕ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದರು. ನನಗೂ ಬಸ್ಸಿಗೆ ಹೊತ್ತಾಗಿತ್ತು.

ನಾಲ್ಕು ತಿಂಗಳ ಮೇಲೆ ತಂಗಿಯನ್ನು ತೋರಿಸೋಕೆ ಕೊಳ್ಳೇಗಾಲದಿಂದ ಬಂದೆ. ಮಹಡಿಯ ಕೋಣೆಯಲ್ಲಿ ಹೊಸ ಹುಡುಗಿ ಇದ್ದಳು. ಅಕ್ಕ ಎಲ್ಲಿ ಅಂದರೆ, ‘ಅವರು ಓಗಿ ಒಂದೂವರೆ ತಿಂಗಳಾಯ್ತು, ಎದೆನೋವು’ ಅಂದಳು. ಎಣ್ಣೆ ಹಾಕಿದವರನ್ನು ಈಗ ವಾಪಸ್ ಕಳಿಸ್ತಾರಂತೆ. ನಾನು ಕೆಳಗಿಳಿದು ಬಂದು ಬೆಂಚಿನ ಮೇಲಿದ್ದ ತಂಗಿಯ ಪಕ್ಕ ಕೂತೆ. ಎರಡು ಸಲ ಕರೆದೆ. ತಿರುಗಿದಳು.

‘ಮಿಷಿನಕ್ಕ ತೀರ್ಕಂಡ್ರಂತೆ’ ಅಂದೆ.

ಅವಳು ಕೇಳಿದಳು: ‘ನಾನು ಚೆನ್ನಾಗಿವ್ನಿ ಅಂತ ಅವ್ರಿಗೆ ಯೋಳಿದ್ಯಾ?’

ಇಲ್ಲ. ಕೋಪ ಐತೆ ಅನ್ನೋ ಒಂದು ಮಾತನ್ನಷ್ಟೇ ಹೇಳಿ ಬಂದಿದ್ದೆ. ನೀವು ಅವತ್ತು ನೋಡಿದ್ದಕ್ಕೇ ನನ್ನ ತಂಗಿ ಇವತ್ತು ಬದುಕಿದಾಳೆ ಅನ್ನೋದನ್ನ ಇನ್ನೊಂದು ಸಲ ಬಂದಾಗ ಹೇಳೋಣ ಅಂತ ಇಟ್ಟುಕೊಂಡಿದ್ದೆ.